ಅಜ್ಜಂಪುರದ ಹೋರಿಯೂ ನಮ್ಮ ಮನೆಯ ನಾಯಿಮರಿಯೂ

ನಮ್ಮ ಒಕ್ಕಲು ಮಕ್ಕಳು ದನದ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದಕ್ಕಿಂತ ಹಲ್ಲುಗಳಲ್ಲಿ ಎಣಿಸುವುದೇ ಹೆಚ್ಚು. ಹಾಲುಹಲ್ಲಿನ ಕರು, ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ ಎತ್ತು ಎಂದು ಆ ಲೆಕ್ಕ ಸಾಗುತ್ತದೆ. ಈ ಎಣಿಕೆಯ ನಡುವೆ ಎಲ್ಲಿಯೋ ಒಂದೆಡೆ ಹೆಸರೇ ಬದಲಾಗಿಬಿಟ್ಟಿರುವುದನ್ನು ಓದುಗರು ಗಮನಿಸಬೇಕು. ಹೋರಿಯಾಗಿದ್ದುದು ಎತ್ತಾಗಿದೆ. ಹಲ್ಲು ತಾನಾಗಿ ಮೂಡುತ್ತದೆ. ಹೋರಿ ತಾನಾಗಿ ಎತ್ತಾಗುವುದಿಲ್ಲ. ಅದು ಮನುಷ್ಯನ ಕೈ ಮಾಡಿದ ಕೆಲಸ. ಬೀಜ ಒಡೆಸದೆ ಉಳಿಸಿಕೊಂಡದ್ದು ಬೀಜದ ಹೋರಿ, ಒಡೆಸಿದ್ದು ಎತ್ತು. ಈ ಕೆಲಸ ನಮ್ಮ ಜನಕ್ಕೆ ಎಷ್ಟು ಹಳೆಯದು, ಎಷ್ಟು ಸಹಜವಾದುದು ಎಂಬುದಕ್ಕೆ ಭಾಷೆಯೇ ಸಾಕ್ಷಿ.

ನಾಯಿಗೆ ಇಂಥ ಎರಡು ಹೆಸರುಗಳಿಲ್ಲ. ಮರಿ ಬೆಳೆದು ನಾಯಿಯಾಗುತ್ತದೆ, ಅಷ್ಟೆ. ಗಂಡುನಾಯಿಯ ಬೀಜ ತೆಗೆಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದ್ದುದಲ್ಲವಾದುದರಿಂದ ಅದಕ್ಕೆ ಬೇಕಾದ ಮಾತೂ ಹುಟ್ಟಲಿಲ್ಲ. ಈಗ ಪತ್ರಿಕೆಗಳಲ್ಲಿ 'ಸಂತಾನಹರಣ ಶಸ್ತ್ರಚಿಕಿತ್ಸೆ' ಎಂಬ ಉದ್ದನೆಯ ಪದವನ್ನು ಬಳಸುತ್ತಿದ್ದೇವೆ. ಪದ ಹೊಸದು, ಕೆಲಸ ಹೊಸದು, ಆದುದರಿಂದ ಅದರ ಕಾಲವನ್ನು ಕುರಿತ ಗೊಂದಲವೂ ಹೊಸದು. ಗಂಡುಮರಿಗೆ ಯಾವ ವಯಸ್ಸಿನಲ್ಲಿ ಇದನ್ನು ಮಾಡಿಸಬೇಕು? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಒಂದು ಮೂಕಪ್ರಾಣಿಯ ದೇಹವನ್ನು ಅದರ ಒಪ್ಪಿಗೆಯಿಲ್ಲದೆ ಶಾಶ್ವತವಾಗಿ ಬದಲಿಸುವ ನಿರ್ಧಾರವಿದು. ಒಮ್ಮೆ ಮಾಡಿಸಿದ ಮೇಲೆ ಹಿಂದೆ ಪಡೆಯುವ ದಾರಿಯಿಲ್ಲ.

ಈ ಪ್ರಶ್ನೆ ನನ್ನೆದುರು ನಿಂತದ್ದು ಕಾಳನಿಂದ. ಕಾಳ ನಮ್ಮ ಮನೆಯ ನಾಯಿಮರಿ. ಕಡೂರಿನ ಬೀದಿನಾಯಿಯೊಂದರ ಮಗ. ತಾಯಿ ಸಾಧಾರಣ ಮೈಕಟ್ಟಿನದು. ತಂದೆ ಯಾರೆಂದು ಹೇಳುವುದು ಕಷ್ಟವಾದರೂ, ಮರಿಯ ಉದ್ದನೆಯ ಕಾಲು, ಸಣ್ಣ ನಡು, ಚೂಪು ಮೂತಿಗಳನ್ನು ನೋಡಿದವರು ಮುಧೋಳದ ರಕ್ತವೆಲ್ಲಿಯೋ ಸೇರಿರಬೇಕೆಂದು ಹೇಳುತ್ತಾರೆ. ಪುಷ್ಯಮಾಸದಲ್ಲಿ ಹುಟ್ಟಿದ ಅದಕ್ಕೆ ಈಗ ಏಳು ತಿಂಗಳು. ತೂಕ 16 ಕಿಲೋ. ಈ ಏಳು ತಿಂಗಳಲ್ಲಿ ಅದರ ವಿಷಯದಲ್ಲಿ ಮೂರು ಸಲಹೆಗಳು ನನಗೆ ಬಂದಿವೆ. ಪರಿಚಯದ ಪಶುವೈದ್ಯರೊಬ್ಬರು, 'ಆರು ತಿಂಗಳು ತುಂಬಿದರೆ ಸಾಕು, ಕರೆದುಕೊಂಡು ಬನ್ನಿ' ಎಂದರು. ಬೆಂಗಳೂರಿನಲ್ಲಿ ದೊಡ್ಡ ಜಾತಿಯ ನಾಯಿಗಳನ್ನು ಸಾಕಿರುವ ಸ್ನೇಹಿತರು, 'ಒಂದೂವರೆ ವರ್ಷದೊಳಗೆ ಮುಟ್ಟಕೂಡದು' ಎಂದು ಎಚ್ಚರಿಸಿದರು. ನಮ್ಮ ಅಕ್ಕನದು ಮೂರನೆಯ ಪಕ್ಷ.

"ಎತ್ತಿಗೆ ಮಾಡ್ತಾರೆ ಅಂದ್ರೆ ಅದು ಹೊಲ ಉಳಬೇಕು, ಗಾಡಿ ಎಳೀಬೇಕು. ಈ ನಾಯಿ ಯಾವ ಗಾಡಿ ಎಳೀತದಪ್ಪ? ಸುಮ್ನೆ ಯಾಕೆ ಅದರ ಮೈಗೆ ಕತ್ತಿ?" ಎಂದಳು.

ಮೂರು ಮಾತುಗಳಲ್ಲಿ ಅತ್ಯಂತ ಗಟ್ಟಿಯಾದುದು ಅಕ್ಕನದೆಂದು ನನಗೆ ತೋರಿತು. ಅದಕ್ಕೆ ಉತ್ತರ ಹುಡುಕಬೇಕಾದರೆ ಎತ್ತಿನ ಕಡೆಯಿಂದಲೇ ಹೊರಡುವುದು ಲೇಸು. ಆ ವಿಷಯದಲ್ಲಿ ನಮ್ಮ ಸೀಮೆಗಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲ.

ಕಡೂರಿನಿಂದ ಬೀರೂರಿಗೆ ಹೋದರೆ ರೈಲುದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ. ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ದಾವಣಗೆರೆಗಳ ಕಡೆಗೆ ಸಾಗುತ್ತದೆ. ಈ ಎರಡನೆಯ ದಾರಿಯಲ್ಲಿ ಸಿಕ್ಕುವ ಅಜ್ಜಂಪುರದಲ್ಲಿಯೇ ಅಮೃತಮಹಲ್ ದನದ ತಳಿ ಸಂವರ್ಧನ ಕೇಂದ್ರವಿರುವುದು; ಅದು ಅಲ್ಲಿ ನೆಲೆಗೊಂಡದ್ದು 1929ರಲ್ಲಿ. ಆದರೆ ತಳಿಯ ಇತಿಹಾಸ ಅದಕ್ಕಿಂತ ಬಹಳ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಅರಮನೆಗೆ ಹಾಲು ಬೆಣ್ಣೆ ಒದಗಿಸುವುದಕ್ಕಾಗಿ ಇದ್ದ ದನದ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದು ಹೆಸರು. ಹೈದರಾಲಿ ಇದನ್ನು ಸೈನ್ಯದ ಬೆನ್ನೆಲುಬಾಗಿ ಮಾಡಿಕೊಂಡನು. ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಯ ಹೆಸರನ್ನು 'ಅಮೃತಮಹಲ್' ಎಂದು ಬದಲಿಸಿದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಈ ಹಿಂಡಿನಲ್ಲಿ ಕೂಡಿದ್ದವು.

ಈ ಎತ್ತುಗಳ ಓಟವೇ ಅವುಗಳ ಕೀರ್ತಿ. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ದೂರವನ್ನು ಸೈನ್ಯಸಮೇತ ದಾಟಿದ್ದು, ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದದ್ದು, ಇವೆಲ್ಲ ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗ್ಯಾಸೆಟಿಯರುಗಳು ಬರೆಯುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಕೆಟ್ಟಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಗೆ ಬಂದು ಮತ್ತೆ ಚೇತರಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡನ್ನು ಚದರಿಸಿಬಿಟ್ಟರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳ ಅಭಾವ ತಲೆದೋರಿ, 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು.

ಇಷ್ಟನ್ನೆಲ್ಲ ಹೇಳಿದ್ದು ಒಂದು ಸಣ್ಣ ವಿವರಕ್ಕಾಗಿ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಅಮೃತಮಹಲ್ ಇಲಾಖೆಯ ಪದ್ಧತಿಯ ವರ್ಣನೆಯುಂಟು. ಹೋರಿಗಳ ಬೀಜ ಒಡೆಯುತ್ತಿದ್ದುದು ಮೂರು ಮತ್ತು ನಾಲ್ಕು ವರ್ಷಗಳ ನಡುವೆ, ಅದೂ ಚಳಿಗಾಲದಲ್ಲಿ. ನಾಲ್ಕನೆಯ ವರ್ಷದಲ್ಲಿ ಅವುಗಳನ್ನು ಹಿಂಡಿನಿಂದ ಬೇರ್ಪಡಿಸಿ ಪಳಗಿಸುತ್ತಿದ್ದರು. ಐದಾದ ಮೇಲೆ ಸರಕಾರದ ಕೆಲಸಕ್ಕೆ ಹಚ್ಚುತ್ತಿದ್ದರು. ಏಳರ ಹೊತ್ತಿಗೆ ಅವು ಪೂರ್ಣ ಬಲಕ್ಕೆ ಬರುತ್ತಿದ್ದವು. ಹನ್ನೆರಡು ದಾಟಿದ ಮೇಲೆ ಇಳಿಮುಖ. ಯುದ್ಧಕ್ಕೆ ಎತ್ತು ಬೇಕೆಂದು ಅವಸರವಿದ್ದ ಇಲಾಖೆಯೊಂದು ಹೋರಿಯನ್ನು ಮೂರು ವರ್ಷಗಳ ಕಾಲ ಮುಟ್ಟದೆ ಮೇಯಲು ಬಿಡುತ್ತಿತ್ತು ಎಂಬುದು ಯೋಚಿಸತಕ್ಕ ಮಾತು. ಮೇವು ಖರ್ಚಾಗುತ್ತಿತ್ತು, ಕಾವಲುಗಾರರ ಸಂಬಳ ಖರ್ಚಾಗುತ್ತಿತ್ತು, ಬೆಳೆದ ಹೋರಿಗಳು ಕಾದಾಡಿ ಕೈಮೀರುತ್ತಿದ್ದವು. ಆದರೂ ಕಾಯುತ್ತಿದ್ದರು.

ಏಕೆ ಕಾಯುತ್ತಿದ್ದರು ಎಂಬುದನ್ನು ನನಗೆ ತಿಳಿಸಿದವರು ಬೀರೂರಿನ ಹರಾಜಿನಲ್ಲಿ ಅಮೃತಮಹಲ್ ಹೋರಿಕರುಗಳನ್ನು ಕೊಂಡು ಸಾಕುವ ನಮ್ಮ ಹಳ್ಳಿಯ ಕಡೆಯ ಒಬ್ಬ ರೈತರು. ಅವರು ತಮ್ಮ ಜೋಡಿಯ ಹೆಗಲ ಮೇಲೆ ಕೈಯಿಟ್ಟು, "ಮೇಷ್ಟ್ರೇ, ನೊಗ ಕೂರೋದು ಇಲ್ಲಿ. ಈ ಹಿಣಿಲು, ಈ ಕತ್ತಿನ ದಪ್ಪ ಹೋರಿಯಾಗಿದ್ದಾಗ ಬಂದದ್ದು. ಕರುವಾಗಿದ್ದಾಗಲೇ ಒಡೆಸಿದ್ರೆ ಕಾಲು ಮಾತ್ರ ಉದ್ದ ಆಗ್ತದೆ, ಕತ್ತು ಬರೋದಿಲ್ಲ" ಎಂದರು. ಶರೀರಶಾಸ್ತ್ರ ಹೇಳುವುದೂ ಇದನ್ನೇ. ವೃಷಣಗಳು ಬೀಜೋತ್ಪತ್ತಿಗೆ ಮಾತ್ರ ಇರುವ ಅಂಗಗಳಲ್ಲ. ಅವು ರಕ್ತಕ್ಕೆ ಸುರಿಸುವ ರಸವು ಸ್ನಾಯುಗಳನ್ನು ಕಟ್ಟುತ್ತದೆ, ಹಿಣಿಲನ್ನು ಬೆಳೆಸುತ್ತದೆ, ಮತ್ತು ಮೂಳೆಯ ಬೆಳವಣಿಗೆ ಎಲ್ಲಿ ನಿಲ್ಲಬೇಕೆಂಬ ಆಜ್ಞೆಯನ್ನೂ ಕೊಡುತ್ತದೆ. ಉದ್ದನೆಯ ಮೂಳೆಗಳ ತುದಿಯಲ್ಲಿ ಮೆದುವಾದ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಪ್ರಾಯಕ್ಕೆ ಬಂದಾಗ ಈ ರಸದ ಪ್ರಭಾವದಿಂದ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ವೃಷಣಗಳನ್ನು ಮೊದಲೇ ತೆಗೆದರೆ ಮುಚ್ಚುವ ಆಜ್ಞೆ ತಡವಾಗಿ, ಮೂಳೆ ತನ್ನ ಮಿತಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಕಾಲು ನೀಳವಾಗುತ್ತದೆ, ಕೀಲುಗಳ ಹೊಂದಿಕೆ ತಪ್ಪುವ ಸಂಭವ ಹೆಚ್ಚುತ್ತದೆ.

ಆದರೆ ಎತ್ತಿನ ಕಥೆಗೆ ಇನ್ನೊಂದು ಮಗ್ಗುಲುಂಟು. ಮೈಸೂರು ರಾಜ್ಯದಲ್ಲಿ 1961ರಲ್ಲಿ ಜಾನುವಾರು ಅಭಿವೃದ್ಧಿಗಾಗಿ ಒಂದು ಕಾಯಿದೆಯಾಯಿತು. ತಳಿಗೆ ಯೋಗ್ಯವಲ್ಲದ ಹೋರಿಗಳು ಹಿಂಡಿನಲ್ಲಿ ತಿರುಗಿ ಹಸುಗಳನ್ನು ಕೂಡಿ ತಳಿ ಕೆಡಿಸಬಾರದು, ಅಂಥವುಗಳ ಬೀಜ ಒಡೆಸಬೇಕು ಎಂಬುದು ಅದರ ಉದ್ದೇಶಗಳಲ್ಲಿ ಒಂದು. ಈ ಉದ್ದೇಶದಿಂದ ನೋಡಿದರೆ ಕಾಯುವುದೇ ಅಪಾಯ. ಹೋರಿ ಪ್ರಾಯಕ್ಕೆ ಬರುವ ಮೊದಲೇ ಕೆಲಸ ಮುಗಿಯಬೇಕು. ಗಾಡಿಯವನಿಗೆ ಕತ್ತು ಬೇಕು, ಆದುದರಿಂದ ಅವನು ತಡಮಾಡುತ್ತಾನೆ. ತಳಿ ಕಾಯುವವನಿಗೆ ಹಿಂಡಿನ ಶುದ್ಧಿ ಬೇಕು, ಆದುದರಿಂದ ಅವನು ಅವಸರಪಡುತ್ತಾನೆ. ಇಬ್ಬರೂ ಸರಿ. ಪ್ರಾಣಿಯ ಮೈಯನ್ನು ಕುರಿತದ್ದು ಒಂದು ಪ್ರಶ್ನೆ, ಅದರ ಸಂತಾನವನ್ನು ಕುರಿತದ್ದು ಇನ್ನೊಂದು. ನಾಯಿಮರಿಯ ವಿಷಯದಲ್ಲಿ ನನಗೆ ಬಂದ ಸಲಹೆಗಳು ಒಂದಕ್ಕೊಂದು ಹೊಂದದೆ ಹೋದದ್ದು ಈ ಎರಡು ಪ್ರಶ್ನೆಗಳು ಕಲೆತುಹೋದುದರಿಂದಲೇ ಎಂದು ಅಜ್ಜಂಪುರದ ಕಥೆ ನನಗೆ ತಿಳಿಸಿತು.

ಇನ್ನು ನಾಯಿಯ ಮೈಯನ್ನೇ ನೋಡೋಣ. ಎತ್ತಿನ ಬಾಯಿ ನೋಡುವ ಅಭ್ಯಾಸದಲ್ಲಿ ನಾಯಿಯ ಬಾಯಿ ನೋಡಿದರೆ ಮೋಸಹೋಗುತ್ತೇವೆ. ದನದಲ್ಲಿ ಹಲ್ಲೂ ಮೈಯೂ ಹೆಚ್ಚುಕಡಿಮೆ ಜೊತೆಯಾಗಿ ನಡೆಯುತ್ತವೆ. ನಾಲ್ಕು ಹಲ್ಲು, ಆರು ಹಲ್ಲಿನ ಹೊತ್ತಿಗೆ ಹೋರಿ ಮೂರು ನಾಲ್ಕು ವರ್ಷದ್ದಾಗಿ ಮೈದುಂಬಿರುತ್ತದೆ. ನಾಯಿಮರಿಗಾದರೋ 28 ಹಾಲುಹಲ್ಲುಗಳು ಉದುರಿ 42 ಗಟ್ಟಿಹಲ್ಲುಗಳು ಆರೇಳು ತಿಂಗಳಲ್ಲಿಯೇ ಬಂದುಬಿಡುತ್ತವೆ. ಕಾಳನ ಬಾಯಿ ಈಗಾಗಲೇ ಗೂಡಿದೆ. ಆದರೆ ಮೂಳೆಗಳು ಹಲ್ಲಿನ ಮಾತು ಕೇಳುವುದಿಲ್ಲ. ಸಣ್ಣ ಜಾತಿಯ ನಾಯಿಗಳ ಬೆಳವಣಿಗೆ ಒಂಬತ್ತು ಹತ್ತು ತಿಂಗಳಲ್ಲಿ ಮುಗಿಯುವುದುಂಟು; ದೊಡ್ಡ ಜಾತಿಯವು ಒಂದು ವರ್ಷ ದಾಟಿ ಒಂದೂವರೆ ವರ್ಷದವರೆಗೂ ಬೆಳೆಯುತ್ತವೆ. 'ಹಲ್ಲೆಲ್ಲ ಬಂತು, ದೊಡ್ಡದಾಯಿತು' ಎಂಬ ನಮ್ಮ ಅಂದಾಜು ಇಲ್ಲಿ ನಡೆಯುವುದಿಲ್ಲ.

ಈ ವಿಷಯದಲ್ಲಿ ಹೆಚ್ಚಿನ ಕೆಲಸ ನಡೆದಿರುವುದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ. ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಶೋಧಿಸಿ 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಪರೀಕ್ಷಿಸಿದ್ದು 759 ನಾಯಿಗಳನ್ನು. ಒಂದು ವರ್ಷ ತುಂಬುವ ಮೊದಲು ಬೀಜ ತೆಗೆಸಿದ ಗಂಡುಗಳಲ್ಲಿ ನೂರಕ್ಕೆ 10ರಷ್ಟಕ್ಕೆ ಸೊಂಟದ ಕೀಲಿನ ದೋಷ ಕಂಡಿತ್ತು. ತೆಗೆಸದವುಗಳಿಗೆ ಹೋಲಿಸಿದರೆ ಇದು ಎರಡರಷ್ಟು. 2016ರಲ್ಲಿ ಜರ್ಮನ್ ಷೆಫರ್ಡ್ ಜಾತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ಅಂತರ ಕಂಡಿತು. ಬೀಜ ತೆಗೆಸದ ಗಂಡುಗಳಲ್ಲಿ ನೂರಕ್ಕೆ 7ಕ್ಕೆ ಕೀಲಿನ ತೊಂದರೆಯಿದ್ದರೆ, ವರ್ಷದೊಳಗೆ ತೆಗೆಸಿದವುಗಳಲ್ಲಿ ನೂರಕ್ಕೆ 21ಕ್ಕೆ ಇತ್ತು. 2020ರಲ್ಲಿ ಅವರು 35 ಜಾತಿಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಚಿಕ್ಕ ಜಾತಿಗಳಲ್ಲಿ ಬೇಗ ಮಾಡಿಸಿದರೂ ಕೀಲಿನ ತೊಂದರೆ ಹೆಚ್ಚಲಿಲ್ಲ. ದೊಡ್ಡ ಜಾತಿಗಳಲ್ಲಿ ಸಾಮಾನ್ಯವಾಗಿ ಹೆಚ್ಚಿತು.

ಆ 35ರಲ್ಲಿ ನಮ್ಮ ಮುಧೋಳವಿಲ್ಲ, ನಮ್ಮ ಬೀದಿನಾಯಿಯೂ ಇಲ್ಲ. ಆದರೆ ಅದೇ ವರ್ಷ ಅವರು ಮಿಶ್ರಜಾತಿಯ ನಾಯಿಗಳನ್ನು ತೂಕದ ಪ್ರಕಾರ ವಿಂಗಡಿಸಿ ಇನ್ನೊಂದು ಪರಿಶೀಲನೆ ನಡೆಸಿದರು. ಜಾತಿ ತಿಳಿಯದ ನಾಯಿ ಸಾಕಿದವರಿಗೆ ಇದೇ ಹೆಚ್ಚು ಉಪಯುಕ್ತ. ಬೆಳೆದ ಮೇಲೆ 20 ಕಿಲೋಗಿಂತ ಕಡಿಮೆ ತೂಗುವ ನಾಯಿಗಳಲ್ಲಿ ಬೇಗ ಮಾಡಿಸಿದ್ದರಿಂದ ಕೀಲಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. 20 ಕಿಲೋ ಮೀರುವವುಗಳಲ್ಲಿ ವರ್ಷದೊಳಗೆ ಮಾಡಿಸಿದರೆ ಅಪಾಯ ಹೆಚ್ಚಿತು. ಅಮೆರಿಕದ ಪಶು ಆಸ್ಪತ್ರೆಗಳ ಸಂಘವು 2019ರಲ್ಲಿ ಕೊಟ್ಟ ಸೂಚನೆಯೂ ಈ ದಿಕ್ಕಿನದೇ: ಸುಮಾರು 20 ಕಿಲೋ ಒಳಗಿನ ಜಾತಿಯ ಗಂಡುಮರಿಗೆ ಆರು ತಿಂಗಳು, ಅದಕ್ಕಿಂತ ದೊಡ್ಡದಕ್ಕೆ ಬೆಳವಣಿಗೆ ನಿಂತ ಮೇಲೆ, ಸಾಮಾನ್ಯವಾಗಿ 9ರಿಂದ 15 ತಿಂಗಳ ನಡುವೆ. ಹೀಗೆ ನೋಡಿದರೆ ನಮ್ಮ ಪಶುವೈದ್ಯರ ಆರು ತಿಂಗಳೂ ಸುಳ್ಳಲ್ಲ, ಬೆಂಗಳೂರಿನ ಸ್ನೇಹಿತರ ಒಂದೂವರೆ ವರ್ಷವೂ ಸುಳ್ಳಲ್ಲ. ಒಬ್ಬರ ಮನಸ್ಸಿನಲ್ಲಿದ್ದುದು ಸಣ್ಣ ನಾಯಿ, ಇನ್ನೊಬ್ಬರ ಮನಸ್ಸಿನಲ್ಲಿದ್ದುದು ದೊಡ್ಡ ನಾಯಿ.

ಕಾಯುವುದರಿಂದ ದುರಭ್ಯಾಸಗಳು ಬೇರೂರಿಬಿಡುತ್ತವೆಯೆಂಬ ಭಯ ಹಲವರಲ್ಲುಂಟು. ಗೋಡೆಗೋಡೆಗೆ ಕಾಲೆತ್ತುವುದು, ಹೆಣ್ಣಿನ ವಾಸನೆ ಹಿಡಿದು ಊರೆಲ್ಲ ಅಲೆಯುವುದು, ಕಂಡದ್ದರ ಮೇಲೆ ಹತ್ತುವುದು, ಇವೆಲ್ಲ ಪ್ರಾಯದ ಗಂಡುನಾಯಿಯ ಲಕ್ಷಣಗಳು. ಇದೇ ಡೇವಿಸ್ ಶಾಖೆಯಿಂದ 1997ರಲ್ಲಿ ಬಂದ ಲೇಖನವೊಂದು 57 ಗಂಡುನಾಯಿಗಳ ನಡತೆಯನ್ನು ಬೀಜ ತೆಗೆಸುವ ಮೊದಲೂ ಅನಂತರವೂ ಹೋಲಿಸಿತು. ಮೇಲೆ ಹೇಳಿದ ಮೂರು ಚಾಳಿಗಳು ನೂರಕ್ಕೆ 60ರಷ್ಟು ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿದವು. ಶಸ್ತ್ರಕ್ರಿಯೆಯ ಕಾಲದಲ್ಲಿ ನಾಯಿಗೆ ಎಷ್ಟು ವಯಸ್ಸಾಗಿತ್ತು, ಚಾಳಿ ಎಷ್ಟು ದಿನದ್ದು ಎಂಬುದರಿಂದ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂದರೆ, ನಡತೆಯ ಕಾರಣಕ್ಕಾಗಿ ಅವಸರಪಡಬೇಕಾಗಿಲ್ಲ. ಜೊತೆಗೆ ಇದನ್ನೂ ಹೇಳಬೇಕು: ಅಂಜಿಕೆಯಿಂದ ಕಚ್ಚುವ ನಾಯಿ ಬೀಜ ತೆಗೆಸಿದ ಮಾತ್ರಕ್ಕೆ ಸಾಧುವಾಗುವುದಿಲ್ಲ. ಅದಕ್ಕೆ ಬೇಕಾದುದು ಪಳಗಿಸುವ ಕೈ, ಮರಿಯಾಗಿದ್ದಾಗಿನಿಂದ ಜನರ ಒಡನಾಟ.

ಈಗ ಅಕ್ಕನ ಪ್ರಶ್ನೆಗೆ ಬರಬೇಕು. ನಾಯಿ ಯಾವ ಗಾಡಿ ಎಳೆಯುತ್ತದೆ? ಎತ್ತು ಆ ನೋವಿಗೆ ಬದಲಾಗಿ ಕೆಲಸವನ್ನೂ, ಕೆಲಸಕ್ಕೆ ಬದಲಾಗಿ ಮೇವನ್ನೂ ಪಡೆಯಿತು. ಅದು ನ್ಯಾಯವಾದ ವ್ಯಾಪಾರವೇ ಎಂಬುದು ಬೇರೆ ಮಾತು, ವ್ಯಾಪಾರವಂತೂ ಹೌದು. ನಾಯಿಯಿಂದ ನಾವು ಕೇಳುವುದು ದುಡಿಮೆಯನ್ನಲ್ಲ. ಮನೆಯೊಳಗೆ, ನಮ್ಮ ಬೇಲಿಯೊಳಗೆ, ನಮಗೆ ತೊಂದರೆಯಾಗದಂತೆ ಬಾಳುವುದನ್ನು. ಇದರಲ್ಲಿ ನಾಯಿಗೂ ಲಾಭವಿಲ್ಲದೆ ಇಲ್ಲ. ವೃಷಣದ ಗೆಡ್ಡೆ ಬರುವ ಭಯವಿಲ್ಲ. ಮುಪ್ಪಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ನರಳುವುದು ಬಹುಮಟ್ಟಿಗೆ ತಪ್ಪುತ್ತದೆ. ಮಳೆಗಾಲ ಕಳೆದು ಕಾರ್ತಿಕದ ಸುಮಾರಿಗೆ ಬೀದಿಯಲ್ಲಿ ಹಿಂಡುಗೂಡಿ ಕಾದಾಡಿ, ಹೆದ್ದಾರಿಯಲ್ಲಿ ಲಾರಿಯ ಕೆಳಗೆ ಸಾಯುವ ಗಂಡುನಾಯಿಗಳ ಗತಿ ಅದಕ್ಕೆ ಬರಲಾರದು. ಆದರೆ ಈ ಲಾಭಗಳಲ್ಲಿ ಯಾವುದೂ ಆರು ತಿಂಗಳಿಗೇ ಮಾಡಿಸಿದರೆ ಮಾತ್ರ ಸಿಕ್ಕುವಂಥದಲ್ಲ. ಒಂದು ವರ್ಷಕ್ಕೆ ಮಾಡಿಸಿದರೂ ಸಿಕ್ಕುತ್ತದೆ. ನಡುವಣ ಆರು ತಿಂಗಳಲ್ಲಿ ಉಳಿತಾಯವಾಗುವುದು ನಮ್ಮ ಶ್ರಮ ಮಾತ್ರ.

ಆ ಶ್ರಮವೇನೆಂಬುದನ್ನು ಕಣ್ಣುಬಿಟ್ಟು ನೋಡಬೇಕು. ಕಾಯುವುದೆಂದರೆ ಗೇಟು ಭದ್ರವಾಗಿರಬೇಕು. ದಿನಕ್ಕೆರಡು ಬಾರಿ ಹಗ್ಗ ಹಿಡಿದು ಅಡ್ಡಾಡಿಸಬೇಕು. ಪಕ್ಕದ ಬೀದಿಯಲ್ಲಿ ಹೆಣ್ಣುನಾಯಿ ಬೆದೆಗೆ ಬಂದಾಗ ರಾತ್ರಿಯೆಲ್ಲ ಅದರ ಊಳನ್ನು ಸಹಿಸಬೇಕು. ಮನೆಯ ಮಕ್ಕಳು ಬಾಗಿಲು ತೆರೆದಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ಇಷ್ಟನ್ನು ಮಾಡಬಲ್ಲವರು ದೊಡ್ಡ ಮೈಕಟ್ಟಿನ ಮರಿಗೆ ಒಂದು ವರ್ಷ, ಹೆಚ್ಚೆಂದರೆ ಒಂದೂಕಾಲು ವರ್ಷ ಕಾಯುವುದು ಸರಿ. ಬೇಲಿಯಿಲ್ಲದ ಮನೆ, ಹಗಲೆಲ್ಲ ಬೀಗ ಹಾಕಿ ಕೆಲಸಕ್ಕೆ ಹೋಗುವ ಸಂಸಾರ, ತೋಟದಲ್ಲಿ ಬಿಟ್ಟ ನಾಯಿ, ಇಂಥಲ್ಲಿ ಕಾಯುತ್ತೇವೆಂದು ಹೇಳಿ ಕಾಯದೆ ಇರುವುದಕ್ಕಿಂತ ಆರೇಳು ತಿಂಗಳಿಗೆ ಮಾಡಿಸಿಬಿಡುವುದೇ ಮೇಲು. ಕೀಲಿನ ಅಪಾಯ ಹೆಚ್ಚಾದರೂ ಅದು ಎಲ್ಲ ನಾಯಿಗೂ ಬರುವುದಲ್ಲ. ಬೀದಿಯಲ್ಲಿ ಹುಟ್ಟಿ ಹಸಿವಿನಿಂದ ಸಾಯುವ ಮರಿಗಳಿಗೂ ಒಂದು ಲೆಕ್ಕವಿದೆ. ಆದುದರಿಂದ 'ಸರಿಯಾದ ವಯಸ್ಸು' ಎಂಬುದರಲ್ಲಿ ಅರ್ಧ ನಾಯಿಯ ಮೂಳೆಯಲ್ಲಿದ್ದರೆ ಇನ್ನರ್ಧ ಸಾಕಿದವನ ಅಂಗಳದಲ್ಲಿದೆ.

ಬೀದಿಯ ಮರಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. 2001ರಲ್ಲಿ ಮೊದಲು ಬಂದು, 2023ರಲ್ಲಿ ಹೊಸದಾಗಿ ರೂಪುಗೊಂಡ ಕೇಂದ್ರ ಸರಕಾರದ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂಖ್ಯೆಯನ್ನು ಹತೋಟಿಗೆ ತರುವ ಹೊಣೆ ಸ್ಥಳೀಯ ಸಂಸ್ಥೆಗಳದು. ಅವರು ನಾಯಿಯನ್ನು ಹಿಡಿಯುವುದು ಒಮ್ಮೆ. ಬಿಟ್ಟರೆ ಮತ್ತೆ ಕೈಗೆ ಸಿಕ್ಕುವುದೆಂಬ ಭರವಸೆಯಿಲ್ಲ. ಅಲ್ಲಿ ಮೂಳೆ ಮುಚ್ಚುವವರೆಗೆ ಕಾಯುತ್ತೇವೆಂಬ ಮಾತು ಹುರುಳಿಲ್ಲದ್ದು. ಇನ್ನೂ ಒಂದು ವಿಷಯ: ಬೀದಿಯಲ್ಲಿ ಒಂದೇ ಒಂದು ಗಂಡು ಉಳಿದರೂ ಹತ್ತು ಹೆಣ್ಣುಗಳಿಗೆ ಸಾಕು. ಸಂಖ್ಯೆ ಇಳಿಯಬೇಕಾದರೆ ಹೆಣ್ಣುನಾಯಿಗಳ ಶಸ್ತ್ರಚಿಕಿತ್ಸೆಯೇ ಮುಖ್ಯ. ಮನೆಯ ಗಂಡುಮರಿಯೊಂದರ ಬೀಜ ತೆಗೆಸಿ ಊರಿನ ನಾಯಿಕಾಟ ತಗ್ಗಿಸಿದೆವೆಂದು ಹೆಮ್ಮೆಪಡಬೇಕಾಗಿಲ್ಲ.

ಕಾಲ ಯಾವುದೇ ಆಗಲಿ, ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳುಂಟು. ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಎರಡೂ ವೃಷಣಗಳು ಚೀಲಕ್ಕೆ ಇಳಿದಿರುವುದು ವಾಡಿಕೆ. ಆರು ತಿಂಗಳಾದರೂ ಒಂದು ಇಳಿಯದೆ ಹೊಟ್ಟೆಯಲ್ಲಿಯೇ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಒಳಗುಳಿದದ್ದು ಮುಂದೆ ಗೆಡ್ಡೆಯಾಗುವ ಸಂಭವ ಹೆಚ್ಚು. ದೋಷ ಮಕ್ಕಳಿಗೂ ಹರಿಯತಕ್ಕದ್ದು. ಅಂಥ ನಾಯಿಗೆ ಮಾಡಿಸಬೇಕೆ ಬೇಡವೆ ಎಂಬ ಚರ್ಚೆಯೇ ಇಲ್ಲ. ಹೋರಿಗೆ ಬಳಸುವ ಬರ್ಡಿಜೋ ಇಕ್ಕಳ ನಾಯಿಗಲ್ಲ. ಅರಿವಳಿಕೆ ಕೊಟ್ಟು, ವೃಷಣಗಳನ್ನು ತೆಗೆದು, ಹೊಲಿಗೆ ಹಾಕುವ ಶಸ್ತ್ರಕ್ರಿಯೆಯೇ ಆಗಬೇಕು. ಹೊಲಿಗೆಯನ್ನು ನೆಕ್ಕದಂತೆ ಹತ್ತು ಹದಿನಾಲ್ಕು ದಿನ ಕಾಯಬೇಕು. ಶಸ್ತ್ರಕ್ರಿಯೆಯಾದ ಮರುದಿನವೇ ನಾಯಿ ಬಂಜೆಯಾಯಿತೆಂದು ತಿಳಿಯಬಾರದು. ನಾಳಗಳಲ್ಲಿ ಉಳಿದ ಬೀಜದಿಂದ ಕೆಲವು ವಾರ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಒಂದೂವರೆ ತಿಂಗಳಾದರೂ ಹೆಣ್ಣುಗಳಿಂದ ದೂರವಿಡುವುದು ಕ್ಷೇಮ. ಅನಂತರ ಅದರ ಹಸಿವು ಹೆಚ್ಚುತ್ತದೆ, ಮೈಯ ಖರ್ಚು ಕಡಿಮೆಯಾಗುತ್ತದೆ. ಮುದ್ದೆ ಅನ್ನಗಳ ಅಳತೆಯನ್ನು ಸ್ವಲ್ಪ ತಗ್ಗಿಸದಿದ್ದರೆ ನಾಯಿ ಬೊಜ್ಜು ಬೆಳೆದು, ಯಾವ ಕೀಲನ್ನು ಕಾಪಾಡಲು ಒಂದು ವರ್ಷ ಕಾದೆವೋ ಅದೇ ಕೀಲು ಸವೆಯುತ್ತದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಮೂರು ತಿಂಗಳಿಗೆ ಹಾಕಿಸಲೇಬೇಕು. ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು.

ಋತುವಿನ ವಿಷಯದಲ್ಲಿ ಅಮೃತಮಹಲಿನವರ ಚಳಿಗಾಲದ ಪದ್ಧತಿ ನನಗೆ ಈಗಲೂ ಒಪ್ಪತಕ್ಕದ್ದೆಂದು ತೋರುತ್ತದೆ. ನೊಣ ಕಡಿಮೆ, ನೆಲ ಒಣಗಿರುತ್ತದೆ, ಗಾಯ ಬೇಗ ಮಾಯುತ್ತದೆ. ಔಷಧಗಳು ಬಂದಿರುವ ಈ ಕಾಲದಲ್ಲಿ ಮಳೆಗಾಲದ ಶಸ್ತ್ರಕ್ರಿಯೆಗೂ ಹೆದರಬೇಕಾಗಿಲ್ಲ, ನಿಜ. ಆದರೆ ಅವಸರವಿಲ್ಲದ ಕೆಲಸವನ್ನು ಕೆಸರಿನ ದಿನಗಳಲ್ಲಿ ಏಕೆ ಮಾಡಬೇಕು?

ಕಾಳನ ವಿಷಯದಲ್ಲಿ ನಾನು ಮಾಡಿದ ನಿರ್ಧಾರವನ್ನು ಹೇಳಿ ಮುಗಿಸುತ್ತೇನೆ. ಏಳು ತಿಂಗಳಿಗೆ 16 ಕಿಲೋ ತೂಗುವ ಮರಿ ಬೆಳೆದ ಮೇಲೆ 20 ಮುಟ್ಟುವುದು, ಪ್ರಾಯಶಃ ದಾಟುವುದು ಖಂಡಿತ. ಕಾಲು ಆಗಲೇ ನೀಳವಾಗಿದೆ. ಅದನ್ನು ಇನ್ನಷ್ಟು ನೀಳ ಮಾಡುವ ಕಾರಣ ಕಾಣಲಿಲ್ಲ. ಆದುದರಿಂದ ಬರುವ ಪುಷ್ಯಮಾಸದಲ್ಲಿ ಅದಕ್ಕೆ ವರ್ಷ ತುಂಬುವವರೆಗೆ ಕಾಯುವುದೆಂದು ತೀರ್ಮಾನಿಸಿದೆ. ಪಶುವೈದ್ಯರಿಗೆ ತೂಕದ ಲೆಕ್ಕವನ್ನು ತೋರಿಸಿದಾಗ ಅವರೂ ಒಪ್ಪಿದರು; ಆ ಹೊತ್ತಿಗೆ ಮೈ ನೋಡಿ ದಿನ ಗೊತ್ತುಮಾಡೋಣವೆಂದರು. ಅಕ್ಕ ಪೂರ್ತಿಯಾಗಿ ಒಪ್ಪಿಲ್ಲ. "ಅಷ್ಟು ದಿನ ಕಾಯ್ತೀಯಲ್ಲ, ಅಷ್ಟಾದರೂ ಆಯ್ತು" ಎಂದಿದ್ದಾಳೆ.

ಪುಷ್ಯಕ್ಕೆ ಮೊದಲು ಕಾರ್ತಿಕ ಬರುತ್ತದೆ. ಬೀದಿಯ ನಾಯಿಗಳೆಲ್ಲ ಹುಚ್ಚೆದ್ದು ತಿರುಗುವ ಆ ತಿಂಗಳು ಕಾಳನಿಗೆ ಹತ್ತು ತಿಂಗಳಾಗಿರುತ್ತದೆ. ಕಳೆದ ವಾರ ಬಡಗಿಯನ್ನು ಕರೆಸಿ ಗೇಟಿನ ಅಡಿಯಲ್ಲಿದ್ದ ಮೊಳದಗಲದ ಸಂದಿಗೆ ಹಲಗೆ ಹೊಡೆಸಿದೆ. ಹಿತ್ತಿಲ ಬೇಲಿಯಲ್ಲಿ ಎರಡು ಕಂಬ ಹೊಸದಾಗಿ ನೆಡಿಸಿದೆ. ಆ ದಿನಗಳಲ್ಲಿ ಬೆಳಗ್ಗೆ ಸಂಜೆ ಹಗ್ಗ ಹಿಡಿಯುವ ಸರದಿಯನ್ನು ಮನೆಯವರೆಲ್ಲ ಹಂಚಿಕೊಂಡಿದ್ದೇವೆ. ಸಂಜೆಯ ಸರದಿ ಅಕ್ಕನದು.